ಕಾಸರಗೋಡಿಗೆ ಬೇಕು ರಾಸಾಯನಿಕ ಸ್ಥಾವರದ ಪಾಠ

ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲ ಒಯ್ಯುವ 450 ಕಿಲೋಮೀಟರ್ ಉದ್ದದ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕಾಸರಗೋಡು ಜಿಲ್ಲೆಯ ನೆಲದಡಿಯಲ್ಲೇ ಅದು ಕೇರಳದ ಗಡಿ ದಾಟುತ್ತದೆ. ಮಂಗಳೂರು ಬಳಿಯ ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆಯಲ್ಲಿ ಅನಿಲ ಅಮೋನಿಯಾ ಆಗಿ, ಆಮೇಲೆ ಯೂರಿಯಾ ಆಗುತ್ತದೆ. ಆಚೆಗೆ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್ ಇದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳದವರಿಗೆ ಇವೆಲ್ಲ ದಿನವೂ ಹೋಗಿಬರುವಷ್ಟು ಹತ್ತಿರ. ಇಂಥ ಸ್ಥಾವರಗಳನ್ನು ನಡೆಸುವ ವಿದ್ಯೆಯನ್ನು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಹೇಳಿಕೊಡುವ ಎರಡು ವರ್ಷದ ಕೋರ್ಸು, ಯುಜಿಸಿಯ ಸಮುದಾಯ ಕಾಲೇಜು ಮಾದರಿಯಲ್ಲಿ, ಈ ಜಿಲ್ಲೆಯಲ್ಲೇ ಶುರುವಾಗಬೇಕು. ಎಂಜಿನಿಯರ್ ಸ್ಥಾವರದ ವಿನ್ಯಾಸ ಮಾಡುತ್ತಾನೆ; ರಾತ್ರಿ ಪಾಳಿಯಲ್ಲಿ ಒತ್ತಡ ಏರತೊಡಗಿದಾಗ ಯಾವ ವಾಲ್ವ್ ತಿರುಗಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ತೀರ್ಮಾನಿಸುವವನು ಆಪರೇಟರ್. ಅದಕ್ಕೆ ಶಾಖ, ಒತ್ತಡ, ಹರಿವುಗಳ ಲೆಕ್ಕ ಗೊತ್ತಿರಬೇಕು, ಕೈಯೂ ಪಳಗಿರಬೇಕು.

ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ನೆಲದಲ್ಲಿ ರಾಸಾಯನಿಕದ ಪಾಠವೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಏಳಲೇಬೇಕು. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಿದ್ದದ್ದು 2011ರಲ್ಲಿ. ಇದೇ ಜಿಲ್ಲೆಯ ಪಡ್ರೆ ಗ್ರಾಮದ ಕಾಯಿಲೆಗಳತ್ತ ನಾಡಿನ ಗಮನ ಸೆಳೆಯಲು ಡಾ. ವೈ.ಎಸ್. ಮೋಹನ್ ಕುಮಾರ್ ಎಂಬ ಹಳ್ಳಿಯ ವೈದ್ಯರು, ಶ್ರೀಪಡ್ರೆ ಎಂಬ ಕೃಷಿ ಪತ್ರಕರ್ತರು ಹೆಣಗಬೇಕಾಯಿತು. ಸಿಂಪಡಿಸುವ ಕೆಲಸದೊಳಗೇ ಇದ್ದು, ಪ್ರಮಾಣವನ್ನೂ ಗಾಳಿಯ ದಿಕ್ಕನ್ನೂ ಬಾವಿಯ ದೂರವನ್ನೂ ನೋಡಿ ಬೇಡವೆನ್ನಬಲ್ಲ ತರಬೇತಾದ ಒಬ್ಬ ಸ್ಥಳೀಯನಿಗೆ ಅಲ್ಲಿ ಜಾಗವಿರಲಿಲ್ಲ. ಅಂಥವನೊಬ್ಬ ದುರಂತವನ್ನು ತಡೆಯುತ್ತಿದ್ದ ಎನ್ನಲಾಗದು, ಆಜ್ಞೆ ಬೇರೆಡೆಯಿಂದ ಬರುತ್ತಿತ್ತು. ಆದರೂ ರಾಸಾಯನಿಕದ ಹೊರೆ ಹೊತ್ತ ಜಿಲ್ಲೆಗೆ ಅದರ ತಿಳಿವಳಿಕೆಯನ್ನೂ ಬೇಡವೆನ್ನುವುದು ಎರಡನೆಯ ಅನ್ಯಾಯ. ಪಠ್ಯದ ಮೊದಲ ಅಧ್ಯಾಯವೇ ಎಂಡೋಸಲ್ಫಾನ್ ಆಗಲಿ.

ಬುದ್ಧಿವಂತರು ಗಡಿನಾಡ ಕನ್ನಡಿಗರ ಮೀಸಲಿನಲ್ಲಿ ಕರ್ನಾಟಕಕ್ಕೆ ಹೋಗಿ ಓದಬಹುದಲ್ಲ ಎನ್ನುವವರಿದ್ದಾರೆ. ಹೋಗಲಿ, ಒಳ್ಳೆಯದೇ. ಈ ಮಾತು ಪ್ಲಸ್ ಟು ಮುಗಿಸಿ ಬೇಗ ದುಡಿಯಬೇಕಾದವರ ಬಗ್ಗೆ. ಕಾರ್ಖಾನೆಯ ಭಾಷೆ ಇಂಗ್ಲಿಷ್ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಕನ್ನಡ ಬರುವುದಿಲ್ಲ, ಬರಬೇಕೆಂಬ ಹಟವೂ ಬೇಡ. ಪಂಪು, ಬಾಯ್ಲರು, ಕಂಡೆನ್ಸರು ಹಾಗೆಯೇ ಇರಲಿ. ಅವು ಏಕೆ ಹಾಗೆ ಕೆಲಸ ಮಾಡುತ್ತವೆ ಎಂಬ ವಿವರಣೆ ಕನ್ನಡದಲ್ಲಿರಲಿ. ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಕಲಿಸಲು ಎಐಸಿಟಿಇ 2021ರಲ್ಲಿ ಒಪ್ಪಿದೆ, ಡಿಪ್ಲೊಮಾಕ್ಕೆ ಯಾಕೆ ಅಂಜಿಕೆ? ಪಣಂಬೂರಿನಲ್ಲಿ ಕೆಲಸ ಸಿಗದವರಿಗೂ ಈ ವಿದ್ಯೆ ವ್ಯರ್ಥವಲ್ಲ: ಕೊಬ್ಬರಿ ಎಣ್ಣೆ ತೆಗೆಯುವಲ್ಲಿ, ಗೇರುಸಿಪ್ಪೆಯ ಎಣ್ಣೆ ಬೇರ್ಪಡಿಸುವಲ್ಲಿ ಇರುವುದೂ ಶಾಖ, ಒತ್ತಡಗಳ ಅದೇ ಲೆಕ್ಕ. ತೆಂಗಿನ ಸಂಶೋಧನೆಗೆ ಸಿಪಿಸಿಆರ್‌ಐ ಊರಲ್ಲೇ ಇದೆ. ವಿದ್ಯಾನಗರದ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ, ರಸಾಯನಶಾಸ್ತ್ರ ವಿಭಾಗ ಎರಡೂ ಒಂದೇ ಆವರಣದಲ್ಲಿವೆ. ಕಷ್ಟದ ಕೆಲಸ ಬೇರೆಯೇ: ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಸ್ಥಾವರದೊಳಗೆ ಬಿಟ್ಟುಕೊಳ್ಳುವ ಕಾರ್ಖಾನೆಗಳ ಲಿಖಿತ ಒಪ್ಪಿಗೆ ಪಡೆಯುವುದು. ಎರಡು ರಾಜ್ಯಗಳ ಅಧಿಕಾರಿಗಳು ಒಟ್ಟಿಗೆ ಕೂರದೆ ಅದು ಆಗುವುದಿಲ್ಲ. ಅದು ಕೈಗೆ ಬರುವ ತನಕ ಪ್ರವೇಶದ ಜಾಹೀರಾತು ಕೊಡಬಾರದು.