ಒಗೆಯುವ ಯಂತ್ರಕ್ಕೂ ಕನ್ನಡ ಬೇಕು!



ನಾನು ಕಾರವಾರದಲ್ಲಿ ಅಚ್ಚುಕೂಟ ನಡೆಸುವವನು. ಅಪ್ಪ ಮೊಳೆ ಜೋಡಿಸಿದರು, ನಾನು ಆಫ್‌ಸೆಟ್ ಓಡಿಸುತ್ತೇನೆ. ಓದಿದ್ದು ಪಿಯುಸಿ. ಬ್ಯಾಕ್ಟೀರಿಯಾ ಬಗ್ಗೆ ಇವನಿಗೇನು ಗೊತ್ತು ಎನ್ನಬೇಡಿ. ಆಫ್‌ಸೆಟ್ ಯಂತ್ರದ ನೀರಿನ ತೊಟ್ಟಿಯನ್ನು ಕೆಲವು ವಾರ ತೊಳೆಯದೆ ಬಿಟ್ಟು ನೋಡಿ. ತಳದಲ್ಲಿ ಜಾರುವ ಲೋಳೆ ಕೂರುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ, ಅಚ್ಚು ಕೆಡುತ್ತದೆ. ಆ ಲೋಳೆಯೇ ಬ್ಯಾಕ್ಟೀರಿಯಾದ ಮನೆ. ನನ್ನ ತೊಟ್ಟಿ ಕೊಳೆತರೆ ಹಾಳಾಗುವುದು ನಾಲ್ಕು ರೀಮು ಕಾಗದ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಯಂತ್ರದಲ್ಲಿ ಅದೇ ಲೋಳೆ ಕಟ್ಟಿದರೆ?

ಕಳೆದ ಮಳೆಗಾಲದಲ್ಲಿ ಬಿಲ್ ಬುಕ್ಕಿನ ಆರ್ಡರಿಗೆಂದು ಒಂದು ಲಾಂಡ್ರಿಗೆ ಹೋಗಿದ್ದೆ. ಒಗೆದು ಮಡಿಸಿಟ್ಟ ಬಿಳಿ ಹಾಸುಬಟ್ಟೆಗೆ ಹುಳಿ ವಾಸನೆ. ಯಂತ್ರದ ಬಾಗಿಲಿನ ರಬ್ಬರ್ ಪಟ್ಟಿ ಎತ್ತಿದರೆ ಕಪ್ಪು ಲೋಳೆ! ಅಂಕೋಲೆ ಕಡೆಯಿಂದ ದಿನಾ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಯಂತ್ರ ನೋಡಿಕೊಳ್ಳುತ್ತಾಳೆ. “ಬ್ಲೀಚು ಎಷ್ಟು ಹಾಕ್ತೀ ತಂಗಿ?” ಎಂದೆ. “ಅಂದಾಜಿಗೆ ಹಾಕ್ತೆ ಅಣ್ಣಾ. ಡಬ್ಬದ ಮೇಲೆ ಬರ್ದದ್ದೆಲ್ಲಾ ಇಂಗ್ಲಿಷು” ಎಂದಳು.

ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿ. ಓದು ಬಾರದವಳಲ್ಲ, ಅವಳು ಓದಬಲ್ಲ ಅಕ್ಷರ ಡಬ್ಬದ ಮೇಲಿಲ್ಲ ಅಷ್ಟೆ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಡಬ್ಬ. ಅದರಲ್ಲಿರುವುದು ಕೊನೆಯ ನೀರಿಗೆ ಹಾಕುವ ಆಮ್ಲ. ಬ್ಲೀಚಿಗೆ ಆಮ್ಲ ಬೆರೆತರೆ ಏಳುವುದು ಕ್ಲೋರಿನ್ ವಿಷಗಾಳಿ. ಕೈತಪ್ಪಿದರೆ ಹೊಣೆ ಯಾರು?

ಇದು ಬರೀ ವಾಸನೆಯ ಮಾತಲ್ಲ. 2012-13ರಲ್ಲಿ ಜರ್ಮನಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ 13 ನವಜಾತ ಶಿಶುಗಳ ಮೈಮೇಲೆ ಔಷಧಿಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಹುಡುಕುತ್ತಾ ಹೋದರೆ ಅದು ಅಡಗಿದ್ದು ಒಗೆಯುವ ಯಂತ್ರದ ರಬ್ಬರ್ ಪಟ್ಟಿಯಲ್ಲಿ, ಸೋಪಿನ ಖಾನೆಯಲ್ಲಿ! ಅಲ್ಲಿಂದ ಕೂಸುಗಳ ಟೋಪಿ, ಕಾಲುಚೀಲಕ್ಕೆ ಹತ್ತಿತ್ತು. ಪುಣ್ಯಕ್ಕೆ ಕೂಸುಗಳು ಕಾಯಿಲೆ ಬೀಳಲಿಲ್ಲ. ಯಂತ್ರ ತೆಗೆದ ಮೇಲೆ ಪಿಡುಗು ನಿಂತಿತು. ಅದು ಮನೆಬಳಕೆಯ ಯಂತ್ರ, ಒಗೆಯುತ್ತಿದ್ದದ್ದು 60 ಡಿಗ್ರಿಗೂ ಕಡಿಮೆ ಬಿಸಿಯಲ್ಲಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ರಬ್ಬರ್ ಪಟ್ಟಿ, ಸೋಪಿನ ಖಾನೆ, ನೀರು ಹೋಗುವ ಜಾಲರಿ ಇವನ್ನು ಬ್ರಷ್ಷಿನಿಂದ ಉಜ್ಜಿ ಲೋಳೆ ತೆಗೆಯಬೇಕು. ಬ್ಲೀಚು ಆಮೇಲೆ. ಕೊಳೆಯ ಮೇಲೆಯೇ ಬ್ಲೀಚು ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚು. ನಂತರ ಬಟ್ಟೆ ಹಾಕದೆ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಬೇಕು. ಆಸ್ಪತ್ರೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದಾದರೆ 71 ಡಿಗ್ರಿಯಲ್ಲಿ 25 ನಿಮಿಷ ಇರಲಿ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಕೆಲಸ ಮುಗಿದ ಮೇಲೆ ಬಾಗಿಲು ತೆರೆದಿಟ್ಟು ಯಂತ್ರ ಒಣಗಿಸಬೇಕು. ಬ್ಲೀಚಿನ ಡಬ್ಬ ನೆರಳಲ್ಲಿರಬೇಕು, ನಮ್ಮ ಸೆಕೆಗೆ ಅದರ ಕಸುವು ಇಳಿಯುತ್ತದೆ. ಕೊಳೆ ಬಟ್ಟೆ ತಂದ ಗಾಡಿಯಲ್ಲಿ ಒಗೆದ ಬಟ್ಟೆ ಹೇರಬಾರದು. ಬಿಸಿಲೇ ಕಾಣದ ನಮ್ಮ ಮಳೆಗಾಲದಲ್ಲಂತೂ ಈ ಎಚ್ಚರ ಎರಡು ಪಟ್ಟು ಬೇಕು.

ಇದರಲ್ಲಿ ರಾಕೆಟ್ ವಿದ್ಯೆ ಏನಿದೆ? ಕನ್ನಡದಲ್ಲಿ ಹತ್ತು ಸಾಲು ಸಾಕು. “ಯಂತ್ರ ಆಟೋಮ್ಯಾಟಿಕ್, ಬೋರ್ಡು ಯಾಕೆ?” ಎನ್ನುವ ಮಾಲೀಕರಿದ್ದಾರೆ. ಸ್ವಾಮೀ, ಯಾವ ಆಟೋಮ್ಯಾಟಿಕ್ ಯಂತ್ರವೂ ತನ್ನ ರಬ್ಬರ್ ಪಟ್ಟಿಯನ್ನು ತಾನೇ ಉಜ್ಜಿಕೊಳ್ಳುವುದಿಲ್ಲ. ಉಜ್ಜುವುದು ಅಂಕೋಲೆಯ ಆ ಹುಡುಗಿಯ ಕೈ.

ವಿಪರ್ಯಾಸ ನೋಡಿ. ಬ್ಲೀಚಿನ ಮೂಲವಸ್ತುಗಳಾದ ಕಾಸ್ಟಿಕ್ ಸೋಡಾ, ಕ್ಲೋರಿನ್ ನಮ್ಮ ಪಕ್ಕದ ಬಿಣಗಾದಲ್ಲೇ ತಯಾರಾಗುತ್ತವೆ. ಬ್ಲೀಚು ಬಳಸುವ ಕ್ರಮ ಮಾತ್ರ ನಮ್ಮ ಭಾಷೆಯಲ್ಲಿಲ್ಲ! ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಹೊರರಾಜ್ಯದಿಂದ ಬರುವ ಡಬ್ಬಕ್ಕೆ ಆ ಮಾತು ತಾಗುವುದಿಲ್ಲ. ಅದಕ್ಕೂ ತಾಗುವಂತೆ ಕೇಳಬೇಕು. ಅಲ್ಲಿಯವರೆಗೆ ಯಂತ್ರದ ಪಕ್ಕದ ಗೋಡೆಗೆ ಕನ್ನಡ ಬೋರ್ಡು ಹಾಕಿಸಬೇಕು.

ಅಂಗಡಿಯ ಹೆಸರುಫಲಕ ಕನ್ನಡದಲ್ಲಿದೆಯೇ ಎಂದು ಬೀದಿಯಲ್ಲಿ ನಿಂತು ನೋಡುವ ಗೆಳೆಯರೇ, ಒಮ್ಮೆ ಒಳಗೂ ಹೋಗಿ. ಯಂತ್ರದ ಮುಂದೆ ನಿಂತವರಿಗೆ ಏನು ಓದಲು ಸಿಗುತ್ತದೆ ನೋಡಿ. ಕಾರವಾರದಲ್ಲಿ ಮನೆಮಾತು ಕೊಂಕಣಿಯಾದವರೂ ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ. ನಿಮ್ಮಲ್ಲಿ ವಿಜ್ಞಾನ ಓದಿದವರು ಡಬ್ಬದ ಸೂಚನೆಯನ್ನು ಸರಿಯಾಗಿ ಕನ್ನಡಕ್ಕೆ ತನ್ನಿ, ಅಳತೆ ತಪ್ಪದಂತೆ ಬಲ್ಲವರಿಗೆ ತೋರಿಸಿ. ಅಚ್ಚು ಹಾಕುವ ಕೆಲಸ ನನಗಿರಲಿ. ಕಾಗದದ ದುಡ್ಡೂ ಬೇಡ!