ಅಜ್ಞಾತ ಬ್ಯಾಕ್ಟೀರಿಯ ಮತ್ತು ಕರ್ಮಣಿಪ್ರಯೋಗ

ಕರ್ಮಣಿಪ್ರಯೋಗವು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದೆಂದು ವ್ಯಾಕರಣದ ತರಗತಿಗಳಲ್ಲಿ ಹೇಳುತ್ತ ಬಂದವನು ನಾನು. ಈ ಮಾತಿಗೆ ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಶಾಲೆಯಿಂದ ಸಾಕ್ಷಿ ದೊರೆತುದು ಈಚೆಗೆ. ಆ ಶಾಸ್ತ್ರವನ್ನು ಬೋಧಿಸುವ ನನ್ನ ಮಿತ್ರರೊಬ್ಬರು ತಮ್ಮ ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ವರದಿಗಳನ್ನು ಬರೆಯಿಸಿ, ಭಾಷೆಯನ್ನು ನೋಡಿಕೊಡಿರೆಂದು ಒಂದು ಕಟ್ಟನ್ನು ನನ್ನ ಮೇಜಿನ ಮೇಲಿರಿಸಿದರು.

ಅಭ್ಯಾಸ ಸ್ವಾರಸ್ಯವಾದುದು. ವಿದ್ಯಾರ್ಥಿಗೆ ಬರಿಯ ಸಂಖ್ಯೆಯೊಂದನ್ನು ಬರೆದ ಪ್ರನಾಳವನ್ನು ಕೊಡುತ್ತಾರೆ. ಅದರೊಳಗೆ ಯಾವುದೋ ಒಂದು ಬ್ಯಾಕ್ಟೀರಿಯ ಅಜ್ಞಾತವಾಸದಲ್ಲಿರುತ್ತದೆ. ವಿರಾಟನ ಅರಮನೆಯ ಪಾಂಡವರಂತೆ ಅದನ್ನೂ ನಡೆನುಡಿಯಿಂದಲೇ ಪತ್ತೆಹಚ್ಚಬೇಕು: ಯಾವ ಬಣ್ಣವನ್ನು ಹಿಡಿಯುತ್ತದೆ, ಯಾವ ಸಕ್ಕರೆಯನ್ನು ಹುಳಿಸುತ್ತದೆ, ಹೈಡ್ರೊಜನ್ ಪೆರಾಕ್ಸೈಡಿನ ತೊಟ್ಟು ಬಿದ್ದರೆ ನೊರೆಯೇಳುತ್ತದೆಯೆ, ಇಲ್ಲವೆ? ಕೊನೆಗೆ ಹೆಸರನ್ನು ನಿಶ್ಚಯಿಸಿ ವರದಿಯನ್ನು ಬರೆಯಬೇಕು.

ಆ ಕಟ್ಟಿನ ವರದಿಗಳೆಲ್ಲ ಒಂದೇ ಧಾಟಿಯವು. “ಬಣ್ಣ ಹಚ್ಚಲ್ಪಟ್ಟಿತು, ಆಲ್ಕೊಹಾಲಿನಿಂದ ತೊಳೆಯಲ್ಪಟ್ಟಿತು, ನೇರಳೆ ಗೋಲಗಳು ಕಾಣಲ್ಪಟ್ಟವು.” ಹಚ್ಚಿದವರಾರು, ತೊಳೆದವರಾರು, ಕಂಡವರಾರು? ಇಂಗ್ಲಿಷಿನ ವರದಿಯಲ್ಲಿ ಇದು ಸಂಪ್ರದಾಯ. ಕನ್ನಡದಲ್ಲಿ ದೆವ್ವದ ಮನೆ.

ಇದು ಬರಿಯ ಶೈಲಿಯ ಮಾತಾಗಿದ್ದರೆ ನಾಲ್ಕು ಕಡೆ ಕೆಂಪು ಮಸಿ ಎಳೆದು ಕಟ್ಟನ್ನು ಹಿಂದಿರುಗಿಸುತ್ತಿದ್ದೆ. ಆದರೆ ಗ್ರಾಮ್ ವರ್ಣಲೇಪನದ ಕ್ರಮವನ್ನು ಮಿತ್ರರು ವಿವರಿಸಿದ ಮೇಲೆ, ಮಾತು ಶೈಲಿಗೇ ನಿಲ್ಲುವುದಿಲ್ಲವೆಂದು ತಿಳಿಯಿತು. ಗಾಜಿನ ಪಟ್ಟಿಯ ಮೇಲೆ ಸವರಿದ ಬ್ಯಾಕ್ಟೀರಿಯಕ್ಕೆ ಮೊದಲು ನೇರಳೆ ಬಣ್ಣ, ಆಮೇಲೆ ಅಯೊಡಿನ್, ಅನಂತರ ಆಲ್ಕೊಹಾಲಿನ ತೊಳೆತ, ಕಡೆಗೆ ಸ್ಯಾಫ್ರನಿನ್ ಎಂಬ ಕೆಂಬಣ್ಣ. ನೇರಳೆಯನ್ನು ಉಳಿಸಿಕೊಂಡುದು ಗ್ರಾಮ್ ಪಾಸಿಟಿವ್; ಅದನ್ನು ಕಳೆದುಕೊಂಡು ಕೆಂಪಾದುದು ಗ್ರಾಮ್ ನೆಗೆಟಿವ್. ಆಲ್ಕೊಹಾಲನ್ನು ಕೆಲವು ಕ್ಷಣ ಹೆಚ್ಚಾಗಿ ಸುರಿದರೆ ನೇರಳೆಯಾಗಿ ಉಳಿಯಬೇಕಾದುದೂ ಕೆಂಪಾಗುತ್ತದೆ. ಬೆಳೆಸಿ ಬಹಳ ಹೊತ್ತಾದ ಬ್ಯಾಕ್ಟೀರಿಯವೂ ಹೀಗೆ ಮೋಸಮಾಡುವುದುಂಟು. ಹಾಗಾದರೆ ಸೂಕ್ಷ್ಮದರ್ಶಕದಲ್ಲಿ ಕಂಡ ಕೆಂಪು ಬ್ಯಾಕ್ಟೀರಿಯದ ಗುಣವೋ, ತೊಳೆದ ಕೈಯ ಗುಣವೋ? “ತೊಳೆಯಲ್ಪಟ್ಟಿತು” ಎಂದೊಡನೆ ಕೈ ಮಾಯವಾಗುತ್ತದೆ. ಅದರೊಡನೆ ಈ ಪ್ರಶ್ನೆಯೂ ಮಾಯವಾಗುತ್ತದೆ.

ಒಬ್ಬ ಹುಡುಗಿಯ ಕಚ್ಚಾ ಪುಸ್ತಕವೂ ಆ ಕಟ್ಟಿನಲ್ಲಿ ಸೇರಿಕೊಂಡಿತ್ತು. ಮೊದಲ ದಿನ ಆಕೆಗೆ ಕಂಡುದು ಕೆಂಪು ಗೋಲಗಳು. ಹೊಸದಾಗಿ ಬೆಳೆಸಿ ಮತ್ತೆ ಬಣ್ಣ ಹಚ್ಚಿದಾಗ ಅವು ನೇರಳೆಯಾಗಿ, ಗೊಂಚಲು ಗೊಂಚಲಾಗಿ ಕಂಡವು. ಪೆರಾಕ್ಸೈಡಿಗೆ ನೊರೆಯೆದ್ದಿತು, ಮೊಲದ ರಕ್ತದ ಪ್ಲಾಸ್ಮ ಹೆಪ್ಪುಗಟ್ಟಿತು, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದು ಆಕೆ ಸರಿಯಾಗಿಯೇ ನಿರ್ಣಯಿಸಿದಳು. ಆದರೆ ಅಚ್ಚುಕಟ್ಟಾದ ವರದಿಯಲ್ಲಿ ಆ ಮೊದಲ ಕೆಂಪಿನ ಸುಳಿವೇ ಇಲ್ಲ! ಉತ್ತರ ತಿಳಿದ ಮೇಲೆ ದಾರಿಯನ್ನು ಹಿಂದಿನಿಂದ ಮುಂದಕ್ಕೆ ಗುಡಿಸಿಬಿಟ್ಟಿದ್ದಾಳೆ. ಆಕೆಯನ್ನು ದೂರುವಂತಿಲ್ಲ, ಗುಡಿಸಿದ್ದಕ್ಕೇ ಅಂಕಗಳು ದೊರೆಯುತ್ತವೆ. ನನ್ನ ಮಟ್ಟಿಗೆ ಇಡೀ ಕಟ್ಟಿನಲ್ಲಿ ಓದತಕ್ಕ ಗದ್ಯವೆಂದರೆ ಆ ಕಚ್ಚಾ ಪುಸ್ತಕದ, ಅಡ್ಡಗೀಟು ಹಾಕಿದ ಒಂದು ಸಾಲು.

ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದಾಗ ಕಂಡುಕೊಂಡ ಈ ವಿಧಾನವನ್ನು 1884ರಲ್ಲಿ ಪ್ರಕಟಿಸಿದನು. ವಿಧಾನ ಇನ್ನೂ ಅಪೂರ್ಣ, ಅದರಲ್ಲಿ ಕುಂದುಗಳಿವೆಯೆಂದು ಆ ಲೇಖನದಲ್ಲಿ ತಾನೇ ಹೇಳಿಕೊಂಡನು. ಅವನ ಹೆಸರಿನ ಲೇಪನವನ್ನು ಮಾಡುವ ಮಕ್ಕಳಿಗೆ ನಾವು ಅಷ್ಟು ಸಲಿಗೆಯನ್ನೂ ಕೊಟ್ಟಿಲ್ಲ.

ವಿಜ್ಞಾನದಲ್ಲಿ “ನಾನು” ಬರಬಾರದು, ಅದು ಅಹಂಕಾರ ಎಂದು ಮಿತ್ರರ ಆಕ್ಷೇಪ. ಇಂಗ್ಲಿಷಿನವರಿಗೆ ಈ ಕಷ್ಟವುಂಟು, ನಮಗೇಕೆ? ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಕರ್ತೃವನ್ನು ಹೊತ್ತುಕೊಂಡಿರುತ್ತದೆ. “ಇಪ್ಪತ್ತು ಸೆಕೆಂಡು ತೊಳೆದೆನು, ಕೆಂಪು ಕಂಡಿತು, ಹೊಸದಾಗಿ ಬೆಳೆಸಿ ಹತ್ತು ಸೆಕೆಂಡು ತೊಳೆದೆನು, ನೇರಳೆ ಕಂಡಿತು.” ಇಲ್ಲಿ ಎಲ್ಲಿದೆ “ನಾನು”? ಹೊಣೆ ಮಾತ್ರ ಇದೆ. ಸ್ಟ್ಯಾಫಿಲೊಕಾಕಸ್ಸಿಗೆ ಕನ್ನಡದ ಹೆಸರನ್ನು ಹುಡುಕುವ ಪಂಡಿತಶ್ರಮ ನನಗೆ ಬೇಡ. ಅದು ಹಾಗೆಯೇ ಇರಲಿ. ನಾವು ಸರಿಪಡಿಸಬೇಕಾದುದು ಕ್ರಿಯಾಪದವನ್ನು.

ಈ ಮಕ್ಕಳಲ್ಲಿ ಕೆಲವರು ನಾಳೆ ಆಸ್ಪತ್ರೆಗಳ ಪ್ರಯೋಗಶಾಲೆಗಳಿಗೆ ಹೋಗುವವರು. ಅಲ್ಲಿ ಪ್ರನಾಳದೊಳಗಿನ ಅಜ್ಞಾತದ ಹೆಸರನ್ನು ಮೊದಲೇ ಬರೆದಿಟ್ಟುಕೊಂಡ ಅಧ್ಯಾಪಕರು ಇರುವುದಿಲ್ಲ. ಕೆಂಪೆಂದರೆ ವೈದ್ಯರು ಒಂದು ಔಷಧವನ್ನು ಯೋಚಿಸುತ್ತಾರೆ, ನೇರಳೆಯೆಂದರೆ ಮತ್ತೊಂದನ್ನು. ಗ್ರಾಮ್ ಪಾಸಿಟಿವ್ ಸೋಂಕಿಗೆ ಕೊಡುವ ವ್ಯಾಂಕೊಮೈಸಿನ್, ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯದ ಮೇಲೆ ಸಾಮಾನ್ಯವಾಗಿ ಕೆಲಸಮಾಡದು. ಮೊದಲ ಸಲ ಕೆಂಪು, ಎರಡನೆಯ ಸಲ ನೇರಳೆ ಕಂಡರೆ ಎರಡನ್ನೂ ಬರೆಯುವ ರೂಢಿ ಅಷ್ಟರೊಳಗೆ ಬಂದಿರಬೇಕು.

ಮಿತ್ರರಿಗೆ ನಾನು ಸೂಚಿಸಿರುವುದು ಇಷ್ಟೆ: ಹೆಸರನ್ನು ಸರಿಯಾಗಿ ಹೇಳಿದುದಕ್ಕೆ ಇರಿಸಿರುವ ಅಂಕಗಳಲ್ಲಿ ಅರ್ಧವನ್ನು ತೆಗೆದು, ಹೊಂದಿಕೆಯಾಗದ ಫಲಿತಾಂಶವನ್ನು ಬರೆದು ಅದಕ್ಕೆ ಕಾರಣವನ್ನು ಊಹಿಸಿದವರಿಗೆ ಕೊಡಿ, ಕಚ್ಚಾ ಪುಸ್ತಕವನ್ನೂ ವರದಿಯೊಡನೆ ತರಿಸಿಕೊಳ್ಳಿ. ವಿಭಾಗದ ಸಭೆಯಲ್ಲಿ ಕೇಳಿ ನೋಡುತ್ತೇನೆಂದು ಅವರು ಕಟ್ಟನ್ನು ತೆಗೆದುಕೊಂಡು ಹೋಗಿದ್ದಾರೆ.