ಮುದ್ರೆಯೋ, ಪಾತ್ರೆಯೋ?

ಮಣ್ಣಿನ ಪಾತ್ರೆಯೊಂದು ಬೆಲೆಕಟ್ಟುವವನ ಕೈಗೆ ಬಂದೊಡನೆ ನಡೆಯುವ ಮೊದಲನೆಯ ಕಾರ್ಯವೆಂದರೆ ಅದನ್ನು ತಲೆಕೆಳಗು ಮಾಡುವುದು. ಅಡಿಯಲ್ಲಿ ಪ್ರಸಿದ್ಧರ ಮುದ್ರೆಯಿದ್ದರೆ ಮುಖವರಳುತ್ತದೆ; ಇಲ್ಲವಾದರೆ ಪಾತ್ರೆಯು ಬದಿಗೆ ಸರಿಯುತ್ತದೆ. ಆಕಾರ, ಮೆರುಗು, ತೂಕಗಳನ್ನು ವಿಚಾರಿಸುವ ಶ್ರಮವೇ ಇಲ್ಲ. ಇದಕ್ಕೆ ಪರೀಕ್ಷೆಯೆಂದು ಹೆಸರೆ? ಅಕ್ಷರವನ್ನು ಓದಬಲ್ಲ ಬಾಲಕನೂ ಇಷ್ಟನ್ನು ಮಾಡಿಯಾನು.

ಈ ಪದ್ಧತಿಯ ವಿಪರೀತವು ಇಪ್ಪತ್ತನೆಯ ಶತಮಾನದ ನಡುಗಾಲದ ಕಲಾಕುಂಬಾರಿಕೆಯಲ್ಲಿ ಚೆನ್ನಾಗಿ ತೋರುತ್ತದೆ. ಬರ್ನಾರ್ಡ್ ಲೀಚನು 1920ರಲ್ಲಿ ಜಪಾನಿನ ಹಮಾದಾ ಶೋಜಿಯೊಡನೆ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಶಾಲೆಯನ್ನು ತೆರೆದನು. ಇಬ್ಬರಿಗೂ ಮಿತ್ರನಾಗಿದ್ದ ಯಾನಗಿ ಸೋಯೆತ್ಸುವಿನ ಸಿದ್ಧಾಂತವೇನು? ಹೆಸರಿಲ್ಲದ ಕರ್ಮಿಯು ನಿತ್ಯದ ಬಳಕೆಗಾಗಿ ಮಾಡಿದ ವಸ್ತುವಿನಲ್ಲಿಯೇ ಸೌಂದರ್ಯವು ಸಹಜವಾಗಿ ನೆಲೆಸುತ್ತದೆಂಬುದು. ಹಮಾದಾ ಮಾಶಿಕೋದಲ್ಲಿ ನೆಲೆನಿಂತ ಮೇಲೆ ಪಾತ್ರೆಗಳಿಗೆ ಮುದ್ರೆಯೊತ್ತುವುದನ್ನೇ ಬಿಟ್ಟನು. ಅವುಗಳನ್ನಿಡುವ ಮರದ ಪೆಟ್ಟಿಗೆಯ ಮೇಲೆ ಮಾತ್ರ ಹೆಸರು ಬರೆಯುತ್ತಿದ್ದನು. ಪರೀಕ್ಷಕರೋ ಈಗ ಆ ಪೆಟ್ಟಿಗೆಯನ್ನೇ ಹುಡುಕುತ್ತಾರೆ! ಹಮಾದಾ ಹೆಸರನ್ನು ಪಾತ್ರೆಯಿಂದ ಕಳೆದರೆ, ಮಾರುಕಟ್ಟೆಯು ಪೆಟ್ಟಿಗೆಯಿಂದ ಅದನ್ನು ಹೆಕ್ಕಿ ತಂದು ಬೆಲೆ ಕಟ್ಟುತ್ತದೆ.

ಮುದ್ರೆಯು ಸತ್ಯಕ್ಕೆ ಆಧಾರವಲ್ಲವೆ, ಅದಿಲ್ಲದೆ ಕೊಳ್ಳುವವನಿಗೆ ಭರವಸೆಯೆಲ್ಲಿಯದು, ಎಂದು ಕೆಲವರು ಕೇಳುವರು. ಮುದ್ರೆಯು ಸಾಕ್ಷಿಯೆಂಬುದು ನಿಜ. ಆದರೆ ಸಾಕ್ಷಿಯನ್ನೇ ನ್ಯಾಯಾಧಿಪತಿಯನ್ನಾಗಿ ಮಾಡಬಾರದು. 1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಸೆರೆಮನೆಯೊಂದರ ಕುಂಬಾರಿಕೆಯ ತರಗತಿಯಲ್ಲಿ ಕೈದಿಗಳು ಲೀಚನ ಪಾತ್ರೆಗಳನ್ನು ನಕಲುಮಾಡಿದರು. ಅವು ಹರಾಜಿನಲ್ಲಿ ನಿಜವಾದವುಗಳಂತೆಯೇ ಮಾರಾಟವಾದುವು. ಹಸಿಮಣ್ಣಿನಲ್ಲಿ ಮುದ್ರೆಯನ್ನೊತ್ತಲು ಒಂದು ಕ್ಷಣ ಸಾಕು; ಕೈಯ ಹದವನ್ನು ಕದಿಯಲು ಒಂದು ಜನ್ಮವೂ ಸಾಲದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಹಾಗಾದರೆ ನೋಡತಕ್ಕದ್ದೇನು? ವಿಯೆನ್ನಾದಿಂದ 1938ರಲ್ಲಿ ಲಂಡನ್ನಿಗೆ ಓಡಿಬಂದ ಲೂಸೀ ರೀ ಎಂಬಾಕೆ ಹಸಿಪಾತ್ರೆಗೇ ಮೆರುಗನ್ನು ಬಳಿದು, ವಿದ್ಯುತ್ತಿನ ಆವಿಗೆಯಲ್ಲಿ ಒಂದೇ ಸಲ ಸುಡುತ್ತಿದ್ದಳು. ಆ ಬೋಗುಣಿಯನ್ನು ಎತ್ತಿ ನೋಡಬೇಕು: ತೆಳುವಾದ ಗೋಡೆ, ಚಿಕ್ಕ ಪಾದ, ಮೇಲೆ ಅರಳಿದ ಬಾಯಿ. 1946ರಲ್ಲಿ ಆಕೆಯ ಬಳಿ ಕೆಲಸಕ್ಕೆ ಸೇರಿದ ಹಾನ್ಸ್ ಕೋಪರನು ತಿಗರಿಯ ಮೇಲೆ ಬೇರೆಬೇರೆಯಾಗಿ ತಿರುವಿದ ಭಾಗಗಳನ್ನು ಜೋಡಿಸಿ, ಮೈಯನ್ನು ಉಜ್ಜಿ, ಅಗೆದು ತೆಗೆದ ಪ್ರಾಚೀನ ವಸ್ತುವಿನ ಗಾಂಭೀರ್ಯವನ್ನು ತರುತ್ತಿದ್ದನು. ಕೂಡಿಸಿದ ಭಾಗಗಳು ಒಂದೇ ಜೀವವಾಗಿ ನಿಂತಿವೆಯೆ? ಇದೇ ಪ್ರಶ್ನೆ. 2018ರಲ್ಲಿ ಆತನ ಒಂದು ಪಾತ್ರೆಗೆ ಹರಾಜಿನಲ್ಲಿ ಮೂರು ಲಕ್ಷ ಪೌಂಡುಗಳಿಗೂ ಮಿಕ್ಕ ಬೆಲೆ ಬಂದಿತು. ಆ ಬೆಲೆ ಸಲ್ಲದೆಂದು ವಾದವಲ್ಲ. ಅದು ಪಾತ್ರೆಗೆ ಸಂದಿತೋ ಹೆಸರಿಗೆ ಸಂದಿತೋ ಎಂಬುದೇ ವಿಚಾರ.

ಇದರಿಂದ ನಷ್ಟವು ಯಾರಿಗೆ? ಸೇಂಟ್ ಐವ್ಸ್‌ನ ಶಾಲೆಯಲ್ಲಿಯೇ ಮನೆಬಳಕೆಯ ಹೂಜಿ, ಬಟ್ಟಲು, ತಟ್ಟೆಗಳನ್ನು ಬಹುಮಟ್ಟಿಗೆ ಸಹಾಯಕರೂ ಶಿಷ್ಯರೂ ಮಾಡಿದರು. ಲೀಚನ ಸ್ವಂತ ಮುದ್ರೆಯಿಲ್ಲವೆಂದು ಅವುಗಳಿಗೆ ಅಲ್ಪಬೆಲೆ. ಬೆಲೆಯಿಲ್ಲವೆಂದ ಮೇಲೆ ಕಾಪಾಡುವವರು ಯಾರು? ಹಿರಿಯರು ಕಾಲವಾದ ಮನೆಯಲ್ಲಿ ಮುದ್ರೆಯುಳ್ಳ ಕುರೂಪಿಯು ಗಾಜಿನ ಬೀರುವನ್ನೇರುತ್ತದೆ. ಮುದ್ರೆಯಿಲ್ಲದ ಸುಂದರವಾದ ಹೂಜಿಯು ತಿಪ್ಪೆಯ ಪಾಲಾಗುತ್ತದೆ. ಒಡೆದ ಮೇಲೆ ಅದರ ಗುಣವನ್ನು ಯಾವ ಪಂಡಿತನೂ ಮರಳಿ ತರಲಾರನು.

ಆದುದರಿಂದ ಪಾತ್ರೆಯನ್ನು ಮೊದಲು ನೆಟ್ಟಗೆ ನಿಲ್ಲಿಸಿ ನೋಡಲಿ; ಎರಡು ಕೈಗಳಿಂದ ಎತ್ತಲಿ; ಅಂಚನ್ನು ಬೆರಳಿನಿಂದ ಸವರಲಿ; ಮೆರುಗು ಎಲ್ಲಿ ಹರಿದು ಎಲ್ಲಿ ನಿಂತಿದೆಯೆಂಬುದನ್ನು ಪರೀಕ್ಷಿಸಲಿ. ಅಡಿಯನ್ನು ತಿರುಗಿಸುವುದು ಕಡೆಯ ಕೆಲಸವಾಗಲಿ. ಈ ಕ್ರಮವನ್ನು ಹಿಡಿಯಲಾರದವನು ಹೆಸರುಗಳ ವ್ಯಾಪಾರಿಯೇ ಹೊರತು ಪಾತ್ರೆಗಳ ಪರೀಕ್ಷಕನಲ್ಲ.